ಹದಿನಾರು ಹಳೆಯ ಚಾಳಿಗಳು

ಒಬ್ಬ ಮನುಷ್ಯ ತನ್ನ ಪಾಡಿಗೆ ತಾನು ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಇಪ್ಪತ್ತು ಇಂಗ್ಲಿಷ್ ವಾಕ್ಯ ಬರೆದುಕೊಂಡರೆ ಯಾರಿಗೇನು ನಷ್ಟ? ಏನೂ ಇಲ್ಲ. ಆದರೆ ಬೆಳಿಗ್ಗೆ ಹಾಜರಿ ಹಾಕುವ ಅವಸರದಲ್ಲಿ ಆ ನೋಟ್‌ಬುಕ್ಕನ್ನು ಟಿಕೆಟ್ ಗೂಡಿನ ಕಟ್ಟೆಯ ಮೇಲೆ ಮರೆತು ಹೋದರೆ ನಷ್ಟವಿದೆ. ಅದೂ ಪೂರ್ತಿ ಮರೆತವನಿಗೇ.

ಮರೆತವನಿಗೆ ಒಂದು ಹೆಸರಿತ್ತು. ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಅವನನ್ನು ಗುಳಿಗೆ ಎಂದೇ ಕರೆಯುತ್ತಿದ್ದರು. ಕಟ್ಟಡದ ನೆಲಮಾಳಿಗೆಯಲ್ಲಿ ಹಳೆಯ ಜಮಖಾನೆಗಳು, ಜರಿ ಉಡುಪುಗಳು, ಹುಲ್ಲು ತುಂಬಿದ ಪ್ರಾಣಿಗಳು ಎಲ್ಲ ಇದ್ದವು. ಇವನ್ನು ನುಸಿ ತಿನ್ನದಂತೆ ನೋಡಿಕೊಳ್ಳುವುದು ಅವನ ಕೆಲಸ. ಹತ್ತೊಂಬತ್ತು ವರ್ಷದಿಂದ ಬಿಳಿ ನುಸಿಗುಳಿಗೆಗಳನ್ನು ಇಟ್ಟು, ತೆಗೆದು, ಮತ್ತೆ ಇಟ್ಟು, ಆ ವಾಸನೆ ಅವನ ಚರ್ಮದೊಳಗೇ ಮನೆ ಮಾಡಿಕೊಂಡಿತ್ತು. ಬಸ್ಸಿನಲ್ಲಿ ಜನ ಬಾಗಿಲಿಗೆ ಜೋತುಬಿದ್ದಿದ್ದರೂ ಅವನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಹೆಂಡತಿ ಅವನ ಅಂಗಿಗಳನ್ನು ಒಣಹಾಕಲು ಬೇರೆಯೇ ಒಂದು ಹಗ್ಗ ಕಟ್ಟಿದ್ದಳು. ಒಂದು ಸಲಕ್ಕೆ ಹದಿನೇಳು ಸೀನು ಬರಲು ಶುರುವಾದ ಮೇಲೆ ಡಾಕ್ಟರು ಕೈಚೆಲ್ಲಿದರು.

“ಮೂಗು ಬದಲಾಯಿಸೋಕೆ ನನ್ನ ಹತ್ರ ಔಷಧಿ ಇಲ್ಲಪ್ಪ. ಕೋಣೆ ಬದಲಾಯಿಸು.”

ಕೋಣೆ ಬದಲಾಯಿಸುವ ಯೋಗ ಆರು ವಾರದ ಹಿಂದೆ ಬಂತು. ಮುಂಬಾಗಿಲ ಪಕ್ಕದ ವಿಚಾರಣೆ ಕೌಂಟರಿನಲ್ಲಿ ಕೂರುತ್ತಿದ್ದ ಹೆಂಗಸು ನಿವೃತ್ತಿಯಾದಳು. ಆ ಕೌಂಟರಿನ ಹಿಂದೆ ಆಳೆತ್ತರದ ಒಂದು ಕಿಟಕಿ. ಕಿಟಕಿಯಾಚೆ ತೋಟ. ಸದಾ ತಣ್ಣನೆಯ ಗಾಳಿ. ಗುಳಿಗೆ ಅರ್ಜಿ ಹಾಕಿಯೇ ಬಿಟ್ಟ. ಮೊದಲ ಮಹಡಿಯ ಗಾರ್ಡೂ ಒಂದು ಹಾಕಿದ್ದ, ಆದರೆ ಅದು ಎಲ್ಲರೂ ಹಾಕುತ್ತಾರಲ್ಲ ಎಂದು ಹಾಕಿದ್ದು. ಹೊರದೇಶದವರು ಬರುವ ಜಾಗವಾದ್ದರಿಂದ ಇಂಗ್ಲಿಷ್ ಪರೀಕ್ಷೆ ಇರುತ್ತದೆಂದು ಹೆಡ್ಡಾಫೀಸಿನಿಂದ ಸುತ್ತೋಲೆ ಬಂತು. ಜೊತೆಗೆ ಪುಟಪುಟಕ್ಕೂ ಮೊಹರು ಒತ್ತಿದ ಒಂದೊಂದು ನೋಟ್‌ಬುಕ್ಕೂ ಬಂತು. ಅದರಲ್ಲಿ ತಾನು ಕೆಲಸ ಮಾಡುವ ಜಾಗದ ಜನರ ಹಿಂದಿನ ಅಭ್ಯಾಸಗಳನ್ನು ಕುರಿತು ಇಪ್ಪತ್ತು ವಾಕ್ಯ ಬರೆಯಬೇಕು. ಪ್ರತಿ ವಾಕ್ಯದಲ್ಲೂ ಒಂದು ಅಡ್ಜೆಕ್ಟಿವ್, ಒಂದು ಅಡ್ವರ್ಬ್ ಇರಲೇಬೇಕು. ಬರೆದದ್ದು ನಿಜವಾಗಿರಬೇಕು. ಪುಟ ಹರಿಯುವಂತಿಲ್ಲ.

ಕಾಲೇಜಿಗೆ ಹೋಗುವ ಮಗಳು ಗುರುವಾದಳು.

“ಅಪ್ಪ, ಯೂಸ್ಡ್ ಟು ಅಂದ್ರೆ ಹಿಂದೆ ಮಾಡ್ತಾ ಇದ್ದದ್ದು, ಈಗ ಬಿಟ್ಟಿರೋದು. ಗೊತ್ತಾಯ್ತಾ?”

“ನಮ್ಮ ಮ್ಯೂಸಿಯಮ್ಮಲ್ಲಿ ಯಾರೂ ಏನನ್ನೂ ಬಿಟ್ಟಿಲ್ಲವಲ್ಲಮ್ಮ.”

“ವಾಕ್ಯದಲ್ಲಿ ಬಿಟ್ಟಿದಾರೆ ಅನ್ಕೋ. ಹೇಗಿರೋರು ಅನ್ನೋದಕ್ಕೆ ಅಡ್ಜೆಕ್ಟಿವ್, ಹೇಗೆ ಮಾಡ್ತಿದ್ರು ಅನ್ನೋದಕ್ಕೆ ಅಡ್ವರ್ಬ್. ಯೋಚನೆ ಮಾಡ್ಬೇಡ, ಕಣ್ಣಿಗೆ ಕಂಡದ್ದನ್ನ ಬರಿ.”

ಅವನು ಕಣ್ಣಿಗೆ ಕಂಡದ್ದನ್ನೇ ಬರೆದ. ಒಳ್ಳೆಯ ಅಭ್ಯಾಸಗಳನ್ನು ಹುಡುಕಿದರೆ ಎರಡನೆಯ ವಾಕ್ಯಕ್ಕೇ ಸರಕು ಮುಗಿದುಹೋಗುತ್ತಿತ್ತು. ಕೆಟ್ಟದ್ದಕ್ಕೆ ಬರವಿರಲಿಲ್ಲ. ಕ್ಯುರೇಟರ್ ಸಾಹೇಬರ ಮೇಲೆ ನಾಲ್ಕು, ಗೈಡಿನ ಮೇಲೆ ನಾಲ್ಕು, ಗಾರ್ಡಿನ ಮೇಲೆ ನಾಲ್ಕು, ಟಿಕೆಟ್ ಗೂಡಿನ ಅಕ್ಕನ ಮೇಲೆ ನಾಲ್ಕು. ಒಂದೊಂದು ವಾಕ್ಯಕ್ಕೂ ಒಂದೊಂದು ಸಂಜೆ ಬೆವರು ಹರಿಸಿದ. ಮಗಳು ಇದೆಲ್ಲ ಅಪ್ಪನ ಕಲ್ಪನೆ ಎಂದುಕೊಂಡು ನಕ್ಕಳು. ಕೊನೆಯ ನಾಲ್ಕನ್ನು ನಿನ್ನ ಮೇಲೇ ಬರಿ, ಅವಾದರೂ ಚೆನ್ನಾಗಿರಲಿ ಎಂದಳು. ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ ಬರೆದಿರು, ಪರೀಕ್ಷೆಯ ದಿನ ಮಧ್ಯಾಹ್ನ ಇನ್ನೊಂದು ಸಲ ನೋಡಿಕೊಂಡು ಪೆನ್ನಿನಲ್ಲಿ ತಿದ್ದು ಎಂದೂ ಹೇಳಿದಳು.

ಆ ಪರೀಕ್ಷೆಯ ದಿನ ಇವತ್ತೇ. ಸಂಜೆ ನಾಲ್ಕಕ್ಕೆ ಹೆಡ್ಡಾಫೀಸಿನ ಮೇಡಂ ಬರುವವರಿದ್ದರು. ನೋಟ್‌ಬುಕ್ಕು ಟಿಕೆಟ್ ಗೂಡಿನ ಕಟ್ಟೆಯ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು.

ಹತ್ತು ನಿಮಿಷದಲ್ಲೇ ಗುಳಿಗೆ ಓಡಿಬಂದ. ಟಿಕೆಟ್ ಅಕ್ಕ ಒಂದು ಮಾತೂ ಆಡದೆ ನೋಟ್‌ಬುಕ್ಕನ್ನು ಗಾಜಿನ ಕೆಳಗಿಂದ ತಳ್ಳಿದಳು. ಮಾತಾಡದ ಟಿಕೆಟ್ ಅಕ್ಕನನ್ನು ಅವನು ಎಂದೂ ಕಂಡವನಲ್ಲ. ಅಷ್ಟಕ್ಕಾದರೂ ಅವನು ಹೆದರಬೇಕಾಗಿತ್ತು. ಹೆದರಲಿಲ್ಲ, ಥ್ಯಾಂಕ್ಸ್ ಹೇಳಿ ಕೆಳಗಿಳಿದ.

ಕಾಲು ಗಂಟೆಯಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ನೆಲಮಾಳಿಗೆಗೆ ಬಾರದ ಟಿಕೆಟ್ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ನಿಂತಳು.

“ಅಣ್ಣಾ, ನಾನು ನಿಮಗೇನು ಅನ್ಯಾಯ ಮಾಡಿದ್ದೆ?”

“ಏನಾಯ್ತಕ್ಕ?”

“ಹೆಡ್ಡಾಫೀಸಿನ ಮೊಹರು ಇರೋ ಪುಸ್ತಕ. ಹೆಡ್ಡಾಫೀಸಿನೋರು ಬರೋ ದಿನ. ಒಬ್ಬೊಬ್ಬರ ಮೇಲೂ ನಾಲ್ಕು ನಾಲ್ಕು. ನಾನೇನು ಕೂಸಾ? ನಮ್ಮ ಮೇಲೆ ಗುಟ್ಟಾಗಿ ವರದಿ ಬರೀತಿದೀರ!”

“ಅಯ್ಯೋ, ವರದಿ ಅಲ್ಲಕ್ಕ, ವ್ಯಾಕರಣ! ಪರೀಕ್ಷೆಗೆ ಅಭ್ಯಾಸ!”

“ವ್ಯಾಕರಣ ಅಂತ ಹೇಳ್ಕೊಂಡು ಮಾನ ತೆಗೀತೀರಾ? ‘ದಿ ಟಿಕೆಟ್ ಲೇಡಿ ಯೂಸ್ಡ್ ಟು ಶೌಟ್ ರೂಡ್ಲಿ ಅಟ್ ಪೂರ್ ವಿಸಿಟರ್ಸ್’. ರೂಡ್ಲಿ ಅಂದ್ರೇನು ಅಂತ ನಂಗೊತ್ತು. ಹೋದ ವರ್ಷ ಯಾವನೋ ದೂರಿನ ಪುಸ್ತಕದಲ್ಲಿ ಅದನ್ನೇ ಬರೆದು ಹೋಗಿದಾನೆ.”

ಅವಳ ಕಣ್ಣಲ್ಲಿ ನೀರು ತುಂಬಿತು. ಅದು ಅವಮಾನದ್ದೋ ನುಸಿಗುಳಿಗೆಯದ್ದೋ ಹೇಳುವುದು ಕಷ್ಟವಿತ್ತು. ಅಳುವ ಹೆಂಗಸಿನ ಮುಂದೆ ವ್ಯಾಕರಣ ವಿವರಿಸುವಷ್ಟು ಗಟ್ಟಿಗ ಅವನಲ್ಲ. ಹೋಗಲಿ, ಒಂದು ಪದ ತಾನೇ ಎಂದು ರಬ್ಬರು ತೆಗೆದ.

“ಲೌಡ್ಲಿ ಅಂತ ಮಾಡ್ಲಾ? ಅಂದ್ರೆ ಜೋರಾಗಿ.”

ಅಕ್ಕ ಸೆರಗು ಸರಿಸಿ ನೋಟ್‌ಬುಕ್ಕಿಗೆ ಬಗ್ಗಿದಳು. “ಜೋರಾಗಿ ಮಾತಾಡೋದು ತಪ್ಪಲ್ಲ. ಗಾಜಿನ ಹಿಂದೆ ಕೂತಿರ್ತೀನಿ, ಮೆತ್ತಗೆ ಹೇಳಿದ್ರೆ ಯಾರಿಗೆ ಕೇಳ್ಬೇಕು? ಆಯ್ತು, ಹಂಗೇ ಮಾಡಿ. ಶೌಟ್ ಅನ್ನೋದನ್ನೂ ತೆಗೀರಿ.”

“ಅದು ಕ್ರಿಯಾಪದ ಅಕ್ಕ. ಅದನ್ನ ಎಳೆದರೆ ವಾಕ್ಯವೇ ಕುಸಿದುಬೀಳುತ್ತೆ.”

ಅವಳು ಕಣ್ಣೊರೆಸಿಕೊಂಡು ಹೋದಳು. ಹೋಗುವಾಗ ದಾರಿಯಲ್ಲಿ ಸಿಕ್ಕ ಇಬ್ಬರಿಗೆ ಮಾತ್ರ, ಯಾರಿಗೂ ಹೇಳಬೇಡಿ ಎಂದು ಹೇಳಿ ಹೋದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಆ ಕಟ್ಟಡದ ತುಂಬ ಇದ್ದರು. ಹನ್ನೊಂದಕ್ಕೆ ಗೈಡು ಇಳಿದುಬಂದ.

ಗೈಡು ಸಣಕಲು ಆಸಾಮಿ. ಮಾತು ಮಾತ್ರ ದಪ್ಪ. ನಡುಮನೆಯ ದೊಡ್ಡ ಗಡಿಯಾರ ತೋರಿಸಿ, ಇದನ್ನು ನೋಡಿಕೊಂಡೇ ಮಹಾರಾಣಿಯವರು ಮೊಟ್ಟೆ ಬೇಯಿಸುತ್ತಿದ್ದರು ಎಂದು ಪ್ರವಾಸಿಗರಿಗೆ ಹೇಳುವವನು ಅವನೇ. ಮರುದಿನ ಅದೇ ಗಡಿಯಾರ ಒಂದು ಯುದ್ಧವನ್ನು ನಿಲ್ಲಿಸಿರುತ್ತಿತ್ತು.

“ಏನು ಸ್ವಾಮಿ, ನಾನು ಸುಳ್ಳುಗಾರನಂತೆ?”

“ಅದು ವ್ಯಾಕರಣ ಕಣ್ರೀ!”

“ಓದಿ ನೋಡೋಣ.”

ಗುಳಿಗೆ ಓದಿದ. ‘ದಿ ಗೈಡ್ ಯೂಸ್ಡ್ ಟು ಟೆಲ್ ಬಿಗ್ ಲೈಸ್ ಫ್ಲುಯೆಂಟ್ಲಿ.’ ಗೈಡು ದೊಡ್ಡ ದೊಡ್ಡ ಸುಳ್ಳುಗಳನ್ನು ನಿರರ್ಗಳವಾಗಿ ಹೇಳುತ್ತಿದ್ದ.

ಗೈಡು ಕಣ್ಣು ಮುಚ್ಚಿಕೊಂಡು ಕೇಳಿದ. “ಫ್ಲುಯೆಂಟ್ಲಿ ಚೆನ್ನಾಗಿದೆ. ಅದನ್ನ ಮುಟ್ಟಬೇಡಿ. ಲೈಸ್ ತೆಗೆದು ಸ್ಟೋರೀಸ್ ಅಂತ ಹಾಕಿ.”

“ಹಾಕಿದೆ.”

“ಬಿಗ್ ಯಾಕೆ? ಬ್ಯೂಟಿಫುಲ್ ಅನ್ನಿ.”

“ಸ್ಪೆಲಿಂಗ್ ನನಗೆ ಬರಲ್ಲ.”

“ನನಗೂ ಬರಲ್ಲ. ಗುಡ್ ಅಂತ ಹಾಕಿ, ಸಾಕು.”

ಗುಳಿಗೆ ತಿದ್ದಿ ತಲೆಯೆತ್ತುವ ಹೊತ್ತಿಗೆ ಬಾಗಿಲಲ್ಲಿ ಬೆಳಕೇ ನಿಂತುಹೋಗಿತ್ತು. ಗಾರ್ಡು ಬಂದಿದ್ದ. ಅವನು ಬಾಗಿಲಲ್ಲಿ ನಿಂತರೆ ಬಾಗಿಲು ಹಾಕಿದಂತೆಯೇ. ಮೊದಲ ಮಹಡಿಯಲ್ಲಿ ಹುಲ್ಲು ತುಂಬಿದ ಕರಡಿಯೊಂದಿದೆ. ಮಧ್ಯಾಹ್ನದ ಹೊತ್ತು ಅದರ ಬೆನ್ನಿಗೆ ಬೆನ್ನು ಕೊಟ್ಟು ಅವನು ನಿಂತೇ ನಿದ್ದೆ ಹೊಡೆಯುತ್ತಿದ್ದ. ಗೊರಕೆ ಕೇಳಿದ ಮಕ್ಕಳು ಕರಡಿಗೆ ಜೀವವಿದೆ ಎಂದು ಕಿರುಚಿ ಓಡಿದ್ದೂ ಉಂಟು. ಅದನ್ನೇ ಗುಳಿಗೆ ಬರೆದಿದ್ದ: ‘ದಿ ಫ್ಯಾಟ್ ಗಾರ್ಡ್ ಯೂಸ್ಡ್ ಟು ಸ್ಲೀಪ್ ಸೌಂಡ್ಲಿ ಬಿಹೈಂಡ್ ದಿ ಓಲ್ಡ್ ಬೇರ್.’

“ಅಣ್ಣಾ,” ಎಂದ ಗಾರ್ಡು. “ಸ್ಲೀಪ್ ಅಂತ ಬರ್ದಿದ್ದಕ್ಕೆ ಬೇಜಾರಿಲ್ಲ. ಮನುಷ್ಯ ಅಂದ್ಮೇಲೆ ನಿದ್ದೆ. ಆದ್ರೆ ಫ್ಯಾಟ್ ಅಂತ ಬರೀಬೋದಾ? ನಾನು ಎರಡು ತಿಂಗಳಿಂದ ಒಂದು ಹೊತ್ತು ಊಟ ಬಿಟ್ಟಿದೀನಿ.”

“ತಪ್ಪಾಯ್ತಪ್ಪ. ಸ್ಟ್ರಾಂಗ್ ಅಂತ ಮಾಡ್ತೀನಿ.”

“ಸ್ಟ್ರಾಂಗ್ ಗಾರ್ಡು ಯಾಕೆ ಮಲಗ್ತಾನೆ? ಟೈರ್ಡ್ ಅಂತ ಮಾಡಿ. ದಣಿದ ಗಾರ್ಡು. ಕೇಳೋಕೂ ಕರುಣೆ ಬರುತ್ತೆ.”

ಹೀಗೆ ಪದ ಪದಕ್ಕೂ ಚೌಕಾಸಿ ನಡೆಯಿತು. ಮೀನಿನ ಅಂಗಡಿಯಲ್ಲೂ ಇಷ್ಟು ನಡೆಯುವುದಿಲ್ಲ. ಒಂದು ಗಂಟೆಗೆ ಗುಳಿಗೆಯ ರಬ್ಬರು ಕಡಲೆಯಷ್ಟಾಗಿತ್ತು. ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು. ಮಗಳು ಹೇಳಿದ್ದಂತೆ ಪೆನ್ನಿನಲ್ಲಿ ಒಂದಕ್ಷರವೂ ತಿದ್ದಿರಲಿಲ್ಲ. ಮಗಳಿಗೆ ಫೋನ್ ಮಾಡೋಣವೆಂದರೆ ಅವಳಿಗೂ ಇವತ್ತೇ ಪರೀಕ್ಷೆ, ಫೋನು ಸ್ವಿಚ್ ಆಫ್. ಇನ್ನು ಯಾರು ಬಂದರೂ ಒಂದಕ್ಷರ ತಿದ್ದುವುದಿಲ್ಲ, ಬರುವವರು ಬರಲಿ ಎಂದು ಅವನು ಹಲ್ಲು ಕಚ್ಚಿ ಪ್ರತಿಜ್ಞೆ ಮಾಡಿದ.

ಬಂದವರು ಕ್ಯುರೇಟರ್ ಸಾಹೇಬರು.

ಪ್ರತಿಜ್ಞೆ ಎದ್ದು ನಿಂತು ನಮಸ್ಕಾರ ಮಾಡಿತು.

“ಏನಯ್ಯಾ ಗುಳಿಗೆ, ಏನೋ ಬರೀತಾ ಇದೀಯಂತೆ. ನನ್ನದನ್ನ ಓದು.”

“ಸಾರ್, ಅದು ಬರೀ ವ್ಯಾಕರಣ ಸಾರ್…”

“ವ್ಯಾಕರಣವನ್ನೇ ಓದು.”

ಗುಳಿಗೆ ನೋಟ್‌ಬುಕ್ಕು ತೆರೆದು ಓದತೊಡಗಿದ. ಮೂರು ವಾಕ್ಯ ಓದುವಷ್ಟರಲ್ಲಿ ಸಾಹೇಬರ ಮುಖ ಕೆಂಪಾಯಿತು. ನಾಲ್ಕನೆಯದು ಬಂತು. ‘ದಿ ಕ್ಯುರೇಟರ್ ಯೂಸ್ಡ್ ಟು ಸಿಟ್ ಲೇಝಿಲಿ ಆನ್ ದಿ ರಾಯಲ್ ಚೇರ್ ಆಂಡ್ ಕಟ್ ನೇಲ್ಸ್.’ ರಾಜರ ಕುರ್ಚಿಯ ಸುತ್ತ ಕೆಂಪು ಹಗ್ಗ ಕಟ್ಟಿ ‘ಮುಟ್ಟಬಾರದು’ ಎಂಬ ಫಲಕ ತೂಗುಹಾಕಿದವರು ಸಾಹೇಬರೇ. ಸೋಮವಾರ, ಮ್ಯೂಸಿಯಂ ರಜೆಯಿರುವ ದಿನ, ಆ ಹಗ್ಗ ದಾಟಿ ಒಳಗೆ ಕೂತು ಕಾಲುಗುರು ಕತ್ತರಿಸಿಕೊಳ್ಳುವವರೂ ಅವರೇ. ಗುಳಿಗೆ ಮರುದಿನ ಆ ಉಗುರುಗಳನ್ನು ಗುಡಿಸಿದ್ದ, ಅದಕ್ಕೇ ಅವನಿಗೆ ಗೊತ್ತು.

ಸಾಹೇಬರು ಬಾಗಿಲು ಮುಚ್ಚಿದರು. ಒಮ್ಮೆ ಸೀನಿದರು. ಆಮೇಲೆ ದನಿ ಇಳಿಸಿದರು.

“ಇನ್ನೆರಡು ವರ್ಷಕ್ಕೆ ನಾನು ನಿವೃತ್ತಿ. ಈ ವಾಕ್ಯ ಆ ಮೇಡಂ ಕಣ್ಣಿಗೆ ಬಿದ್ರೆ ನನ್ನ ಗತಿ ಏನು? ಅಳಿಸಿಬಿಡು.”

“ಅಳಿಸಿದ್ರೆ ಹತ್ತೊಂಬತ್ತು ವಾಕ್ಯ ಆಗುತ್ತೆ ಸಾರ್. ಇಪ್ಪತ್ತಿಲ್ಲದಿದ್ದರೆ ನೋಟ್‌ಬುಕ್ಕೇ ತಗೊಳ್ಳಲ್ವಂತೆ.”

“ಬೇರೆ ಬರಿ.”

“ಇದೊಂದನ್ನ ಕಟ್ಟೋಕೆ ಒಂದಿಡೀ ಸಂಜೆ ಹಿಡಿದಿದೆ ಸಾರ್. ನನಗೆ ಗೊತ್ತಿರೋ ಇಂಗ್ಲಿಷೆಲ್ಲ ಈ ಇಪ್ಪತ್ತರಲ್ಲೇ ಮುಗಿದುಹೋಯ್ತು.”

ಸಾಹೇಬರು ಹಣೆ ಉಜ್ಜಿಕೊಂಡರು. “ಕುರ್ಚಿ ಮೇಲೆ ಯಾರೂ ಕೂತ್ಕೊಳ್ಳದ ಹಾಗೆ ಮಾಡೋಕಾಗಲ್ವಾ?”

“ಯಾರಾದರೊಬ್ರು ಕೂರಲೇಬೇಕು ಸಾರ್. ಕರ್ತೃ ಇಲ್ಲದೆ ವಾಕ್ಯ ಇಲ್ಲ.”

“ಹಾಗಾದ್ರೆ ನೀನೇ ಕೂತ್ಕೋ.”

“ಸಾರ್?”

“ವಾಕ್ಯದಲ್ಲಿ ಕಣಯ್ಯಾ! ಕ್ಯುರೇಟರ್ ಅನ್ನೋದನ್ನ ಅಳಿಸಿ, ‘ಐ’ ಅಂತ ಹಾಕು. ಒಂದಕ್ಷರದ ಕೆಲಸ. ತಲೆ ಮಾತ್ರ ಬದಲಾಗುತ್ತೆ, ಮೈ ಹಾಗೇ ಇರುತ್ತೆ. ನನ್ನ ನಾಲ್ಕಕ್ಕೂ ಹಾಗೇ ಮಾಡು.” ಅವರು ಬಗ್ಗಿ ಕೊನೆಯ ಪುಟ ನೋಡಿದರು. “ಇದೇನಿದು? ‘ಐ ಯೂಸ್ಡ್ ಟು ಹ್ಯಾಂಡಲ್ ಓಲ್ಡ್ ಥಿಂಗ್ಸ್ ಜೆಂಟ್ಲಿ’? ಹಳೇ ವಸ್ತುಗಳನ್ನ ಮೃದುವಾಗಿ ಮುಟ್ತಿದ್ದೆ. ಇದು ಚೆನ್ನಾಗಿದೆಯಲ್ಲಾ. ಇದನ್ನ ನನಗೆ ಕೊಡು. ನನ್ನ ಹೆಸರು ಪೂರ್ತಿ ಹೋದ್ರೆ ಅನುಮಾನ ಬರುತ್ತೆ.”

ಮೇಲಧಿಕಾರಿ ಕೇಳಿದರೆ ಇರುವ ಒಂದು ಒಳ್ಳೆಯ ಗುಣವನ್ನೂ ಬಿಚ್ಚಿ ಕೊಡಬೇಕು. ಗುಳಿಗೆ ಕೊಟ್ಟ.

ಈ ಉಪಾಯ ಮೆಟ್ಟಿಲು ಹತ್ತಲು ಐದು ನಿಮಿಷವೂ ಬೇಕಾಗಲಿಲ್ಲ. ಸಾಹೇಬರು ಪೂರ್ತಿ ಪಾರಾಗಿದ್ದಾರೆ, ತಮಗೆ ಮಾತ್ರ ಸಿಕ್ಕಿದ್ದು ತೇಪೆ ಹಾಕಿದ ಪದಗಳು ಎಂದು ತಿಳಿದ ಕೂಡಲೇ ಮಿಕ್ಕ ಮೂವರೂ ಒಟ್ಟಾಗಿ ಇಳಿದುಬಂದರು.

“ಸಾಹೇಬರಿಗೊಂದು ನ್ಯಾಯ, ನಮಗೊಂದು ನ್ಯಾಯವಾ?” ಎಂದಳು ಟಿಕೆಟ್ ಅಕ್ಕ. “ನಂದೆಲ್ಲ ನೀವೇ ಇಟ್ಕೊಳ್ಳಿ ಅಣ್ಣಾ. ನಿಮ್ದೊಂದು ಒಳ್ಳೇದು ನಂಗೆ ಕೊಡಿ.”

“ಅಲ್ಲಕ್ಕ, ನನ್ನದು ಅಂತ ಏನೂ ಉಳಿಯಲ್ವಲ್ಲ!”

“ನೀವು ಕೆಳಗಿರೋರು, ನಿಮ್ಮನ್ನ ಯಾರು ನೋಡ್ತಾರೆ? ನಾನು ದಿನಾ ಜನರಿಗೆ ಮುಖ ತೋರಿಸ್ಬೇಕು.”

“ಒಂದೇ ಒಂದು ದಿನದ ಮಾತು ಸ್ವಾಮಿ,” ಎಂದ ಗೈಡು. “ಮೇಡಂ ಮಾರ್ಕ್ಸ್ ಹಾಕಿ ಹೋಗ್ತಾರೆ. ಅವರಿಗೆ ಬೇಕಾಗಿರೋದು ವ್ಯಾಕರಣ. ಯಾರು ಮಲಗಿದ್ರು, ಯಾರು ಎದ್ದಿದ್ರು ಅಂತ ಯಾವ ಪರೀಕ್ಷಕರು ನೋಡ್ತಾರೆ? ನೀವೇ ಬೆಳಿಗ್ಗೆಯಿಂದ ಹೇಳ್ತಿದೀರಲ್ಲ, ಇದು ಬರೀ ವ್ಯಾಕರಣ ಅಂತ!”

ತನ್ನ ಮಾತೇ ತನಗೆ ತಿರುಗುಬಾಣವಾದಾಗ ಗುಳಿಗೆ ಬಾಗಿಲ ಕಡೆ ಹೆಜ್ಜೆ ಹಾಕಿದ. ಗಾರ್ಡು ಬಾಗಿಲಿಗೆ ಅಡ್ಡ ನಿಂತುಕೊಂಡ, ಅಷ್ಟೆ. ಗಂಟೆ ಮೂರಾಗಿತ್ತು.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆ ತಾನೇ ಪೆನ್ನು ಹಿಡಿದು ಒರೆಸಿಕೊಳ್ಳಬೇಕಾಯಿತು. ಮುಕ್ಕಾಲು ಗಂಟೆಯಲ್ಲಿ ಗುಳಿಗೆ ಪೆನ್ಸಿಲ್ಲಿನ ತಲೆಗಳನ್ನು ಅಳಿಸಿ, ಮಗಳು ಒಪ್ಪಿದ್ದ ಮೊದಲಿನ ಪದಗಳನ್ನೇ ತಿರುಗಿ ಬರೆದು, ಎಲ್ಲವನ್ನೂ ಶಾಯಿಯಲ್ಲಿ ತಿದ್ದಿ ಮುಗಿಸಿದ. ಪ್ರವಾಸಿಗರ ಮೇಲೆ ರೇಗುತ್ತಿದ್ದವನು ಅವನೇ. ಸುಳ್ಳು ಹೇಳುತ್ತಿದ್ದವನೂ ಅವನೇ. ಕರಡಿಯ ಹಿಂದೆ ಗಾಢವಾಗಿ ಮಲಗುತ್ತಿದ್ದವನು, ತಡವಾಗಿ ಬಂದು ಬೇಗ ಹೋಗುತ್ತಿದ್ದವನು, ರಾಜರ ಕುರ್ಚಿಯಲ್ಲಿ ಉಗುರು ಕತ್ತರಿಸುತ್ತಿದ್ದವನು, ಎಲ್ಲ ಅವನೇ. ಹದಿನಾರು ಚಾಳಿಗಳು ಸಾಲಾಗಿ ಅವನ ತಲೆಯ ಮೇಲೆ ಕೂತವು. ಅವನ ನಾಲ್ಕು ಒಳ್ಳೆಯ ಅಭ್ಯಾಸಗಳು ಊರು ಬಿಟ್ಟವು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವುದು ಗಾರ್ಡಿನ ಪಾಲಾಯಿತು. ಮೆತ್ತಗೆ ಮಾತಾಡುವುದು ಟಿಕೆಟ್ ಅಕ್ಕನಿಗೆ ಹೋಯಿತು. ಹಳೆಯ ದಾಖಲೆಗಳನ್ನು ಎಚ್ಚರಿಕೆಯಿಂದ ಓದುವುದು ಗೈಡಿಗೆ ಸಂದಿತು. ಇಂಗ್ಲಿಷಿನಲ್ಲಿ ಮಾತ್ರ ಒಂದು ತಪ್ಪೂ ಇರಲಿಲ್ಲ. ಅದೊಂದನ್ನು ನೆನೆದು ಅವನು ಸಮಾಧಾನ ಮಾಡಿಕೊಂಡ. ಮಾರ್ಕ್ಸು ಬಂದರೆ ಕಿಟಕಿ ಸಿಗುತ್ತದೆ. ಕಿಟಕಿ ಸಿಕ್ಕರೆ ಮೂಗು ಉಳಿಯುತ್ತದೆ.

ಮೇಡಂ ಸರಿಯಾಗಿ ನಾಲ್ಕಕ್ಕೆ ಬಂದರು. ಬಿಳಿ ಕೂದಲು, ನೆಟ್ಟಗಿನ ಬೆನ್ನು. ಕ್ಯುರೇಟರ್ ಕೋಣೆಯಲ್ಲಿ ಸಾಹೇಬರನ್ನು ಪಕ್ಕಕ್ಕೆ ಕೂರಿಸಿಕೊಂಡು, ತಾವು ಮೇಜಿನ ಹಿಂದೆ ಕೂತು, ಮೊದಲು ಗಾರ್ಡಿನ ನೋಟ್‌ಬುಕ್ಕು ತೆರೆದರು. ಅದರಲ್ಲಿ ಅವನ ಹೆಸರಿತ್ತು, ಆಮೇಲೆ ಬರೀ ಮೊಹರುಗಳಿದ್ದವು. ಮುಚ್ಚಿ ಪಕ್ಕಕ್ಕಿಟ್ಟರು. ಗುಳಿಗೆಯ ಎದೆ ಹಗುರಾಯಿತು. ಇನ್ನು ಎದುರಾಳಿಯೇ ಇಲ್ಲ.

ಅವನದನ್ನು ತೆರೆದರು. ಓದಿದರು. ತಿರುಗಿ ಮೊದಲಿನಿಂದ ಓದಿದರು. ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಬಾಗಿಲ ಬಳಿ ಏನೋ ಕೆಲಸವಿದ್ದವರಂತೆ ನಿಂತಿದ್ದ ಗೈಡು, ಟಿಕೆಟ್ ಅಕ್ಕ, ಗಾರ್ಡು ಮೂವರೂ ಕತ್ತು ಚಾಚಿದರು.

“ಇಂಗ್ಲಿಷ್ ತುಂಬ ಚೆನ್ನಾಗಿದೆ,” ಎಂದರು ಮೇಡಂ. “ಅಡ್ಜೆಕ್ಟಿವ್ ಸರಿ, ಅಡ್ವರ್ಬ್ ಸರಿ. ಇಪ್ಪತ್ತಕ್ಕೆ ಇಪ್ಪತ್ತು ಕೊಡ್ತೀನಿ.”

ಗುಳಿಗೆಗೆ ಆ ಕ್ಷಣ ತೋಟದ ಗಾಳಿ ಮುಖಕ್ಕೆ ಬೀಸಿದಂತಾಯಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಗೈಡು ಹೇಳಿದ್ದೇ ನಿಜ, ಯಾರೂ ಅರ್ಥ ನೋಡುವುದಿಲ್ಲ.

“ಒಂದು ಪ್ರಶ್ನೆ,” ಎಂದರು ಮೇಡಂ. “ಸುತ್ತೋಲೆಯಲ್ಲಿ ನಿಜ ಬರೀಬೇಕು ಅಂತ ಇತ್ತು. ಇದೆಲ್ಲ ನಿಜವಾ?”

ದೊಣ್ಣೆ ತಪ್ಪಿರಲಿಲ್ಲ, ಮೇಲಕ್ಕೆ ಹೋಗಿತ್ತು, ಅಷ್ಟೆ. ಸುಳ್ಳು ಎಂದರೆ ಇಪ್ಪತ್ತು ಮಾರ್ಕ್ಸೂ ಹೋಗುತ್ತದೆ. ನಿಜ ಎಂದರೆ ಮಾನ ಹೋಗುತ್ತದೆ. ನಿಜವಾದ ನಿಜ ಹೇಳಿದರೆ ನಾಳೆಯಿಂದ ಈ ಕಟ್ಟಡದಲ್ಲಿ ಅವನಿಗೆ ಕುಡಿಯಲು ನೀರು ಕೊಡುವವರೂ ಇರುವುದಿಲ್ಲ. ಅವನು ಸಾಹೇಬರ ಮುಖ ನೋಡಿದ. ಬಾಯಿ ತೆರೆದ. ಅದರಿಂದ ಸೀನೊಂದು ಮಾತ್ರ ಹೊರಬಂತು.

ಮನುಷ್ಯರಲ್ಲಿ ಕೃತಜ್ಞತೆ ಇಲ್ಲ ಎನ್ನುವವರು ಕ್ಯುರೇಟರ್ ಸಾಹೇಬರನ್ನು ಆಗ ನೋಡಬೇಕಿತ್ತು. ತಮಗಾಗಿ ಕುರ್ಚಿ ಏರಿದ ಬಡಪಾಯಿ ಹೀಗೆ ಒದ್ದಾಡುವುದನ್ನು ಕಂಡು ಅವರ ಕರುಳು ಚುರುಕ್ ಎಂದಿತು. ಎದ್ದು ನಿಂತರು.

“ನಿಜ ಮೇಡಂ. ಆದ್ರೆ ಅದೆಲ್ಲ ಹಳೇ ಕತೆ. ಆಗ ಹಾಗಿದ್ದ, ಈಗ ಚಿನ್ನದಂಥ ಮನುಷ್ಯ.”

“ಅಪ್ಪಟ ಚಿನ್ನ ಮೇಡಂ,” ಎಂದಳು ಟಿಕೆಟ್ ಅಕ್ಕ ಬಾಗಿಲಿಂದ. “ಈಗ ಒಂದು ಇರುವೆಗೂ ಗದರಲ್ಲ.”

“ಸುಳ್ಳು ಅಂದ್ರೆ ಈಗ ಆಗೋದೇ ಇಲ್ಲ ಅವರಿಗೆ,” ಎಂದ ಗೈಡು ನಿರರ್ಗಳವಾಗಿ.

ಗಾರ್ಡು ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು ಸೇರಿಸಿದ: “ನಿದ್ದೆನೂ ಬಿಟ್ಟಿದಾರೆ.”

ಮೇಡಂ ಪೆನ್ನು ಕೆಳಗಿಟ್ಟರು. “ಹದಿನಾರು ಕೆಟ್ಟ ಅಭ್ಯಾಸ. ಹದಿನಾರೂ ಹೋಯ್ತು. ಇದು ಯಾವಾಗಿನಿಂದ ಬದಲಾವಣೆ?”

ಸಾಹೇಬರು ಒಂದು ಗಳಿಗೆಯೂ ತಡಮಾಡಲಿಲ್ಲ. “ನೆಲಮಾಳಿಗೆಗೆ ಹಾಕಿದ್ವಲ್ಲ ಮೇಡಂ, ಆವತ್ತಿಂದ.”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

“ಮೂವತ್ತು ವರ್ಷದಿಂದ ನಾನು ಸಿಬ್ಬಂದಿ ವಿಭಾಗದಲ್ಲಿದೀನಿ. ನೋಟೀಸು ಕೊಟ್ಟೆ, ಎಚ್ಚರಿಕೆ ಕೊಟ್ಟೆ, ವರ್ಗ ಮಾಡ್ದೆ. ಒಬ್ಬನೇ ಒಬ್ಬ ಸುಧಾರಿಸಿದ್ದನ್ನ ನೋಡ್ಲಿಲ್ಲ. ತನ್ನ ತಪ್ಪನ್ನ ತಾನೇ ಶಾಯಿಯಲ್ಲಿ ಬರೆದು ಕೊಟ್ಟವನನ್ನಂತೂ ಕನಸಲ್ಲೂ ಕಂಡಿಲ್ಲ.” ಅವರು ಗುಳಿಗೆಯ ಕಡೆ ಪ್ರೀತಿಯಿಂದ ತಿರುಗಿದರು. “ನಿಮ್ಮಂಥವರನ್ನ ಕಳ್ಕೊಬಾರದು. ಮುಂಬಾಗಿಲಲ್ಲಿ ಜನ, ಗಲಾಟೆ, ಹರಟೆ. ಅಲ್ಲಿ ಕೂರಿಸಿದ್ರೆ ಹಳೇ ಚಾಳಿ ಒಂದೊಂದಾಗಿ ತಿರುಗಿ ಅಂಟ್ಕೊಳ್ಳುತ್ತೆ. ಆ ಪಾಪ ನನಗೆ ಬೇಡ.”

“ಮೇಡಂ, ನನಗೆ ಕಿಟಕಿ…” ಎಂದ ಗುಳಿಗೆ.

“ಅರ್ಥವಾಗುತ್ತೆ. ಆಸೆ ಇರುತ್ತೆ. ತಡ್ಕೊಳ್ಳಿ.” ಅವರು ನೋಟ್‌ಬುಕ್ಕಿನ ಕೊನೆಯ ಪುಟದ ಮೇಲೆ ಬೆರಳಿಟ್ಟರು. “ಕೌಂಟರಿಗೆ ಈ ಗಾರ್ಡ್ ಇದಾರಲ್ಲ. ಇಂಗ್ಲಿಷ್ ಬರಲ್ಲ ನಿಜ, ಕಲೀಬಹುದು. ದಿನಾ ಎಲ್ಲರಿಗಿಂತ ಮೊದಲು ಬರ್ತಿದ್ದ ಗುಣ ಎಲ್ಲಿಗೆ ಹೋಗುತ್ತೆ? ಅದನ್ನ ಕಲಿಸೋಕಾಗುತ್ತಾ? ನೀವೇ ಬರೆದಿದೀರಿ.”

ಗಾರ್ಡು ಸಂಕೋಚದಿಂದ ನೆಲ ನೋಡಿದ. ಗುಳಿಗೆ ಸಾಹೇಬರನ್ನು ನೋಡಿದ. ಸಾಹೇಬರು ಗೋಡೆಯ ಮೇಲಿನ ನಕ್ಷೆಯನ್ನು ಎಂದೂ ಕಾಣದವರಂತೆ ನೋಡುತ್ತಿದ್ದರು.

“ನಿಮಗೆ ನಾನು ಅನ್ಯಾಯ ಮಾಡಲ್ಲ,” ಎಂದರು ಮೇಡಂ, ಒಂದು ಹಾಳೆಯ ಮೇಲೆ ಸರಸರ ಬರೆಯುತ್ತ. “ಬಡ್ತಿ ಕೊಡ್ತೀನಿ. ನನ್ನ ಪಟ್ಟಿಯಲ್ಲಿ ಆರು ಜನ ಇದಾರೆ. ತಡವಾಗಿ ಬರೋರು, ಮಲಗೋರು, ಜಗಳಗಂಟರು. ಯಾವ ಶಾಖೆಯೂ ಇಟ್ಕೊಳ್ಳಲ್ಲ ಅಂತಿದೆ. ನಾಳೆಯಿಂದ ಆರೂ ಜನ ನಿಮ್ಮ ನೆಲಮಾಳಿಗೆಗೆ ಬರ್ತಾರೆ. ನೀವೇ ಮೇಲ್ವಿಚಾರಕರು. ನಿಮ್ಮನ್ನ ಸರಿ ಮಾಡಿದ್ದು ಏನೋ, ಅದನ್ನೇ ಅವರಿಗೂ ಮಾಡಿ.”

ಸಂಜೆಯ ಬಸ್ಸಿನಲ್ಲಿ ಗುಳಿಗೆಯ ಪಕ್ಕದ ಸೀಟು ಎಂದಿನಂತೆ ಖಾಲಿ ಇತ್ತು. ಬಡ್ತಿಯ ಆದೇಶ ಜೇಬಿನಲ್ಲಿತ್ತು. ಮೈಯೆಲ್ಲ ಉರಿಯುತ್ತಿತ್ತು. ಯಾರನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ. ಸಿಕ್ಕವರೆಲ್ಲ ಅವನಿಗೆ ಒಳ್ಳೆಯದನ್ನೇ ಹೇಳಿದ್ದರು, ಅದೇ ಸಂಕಟ. ಮನೆ ಮುಟ್ಟುವಷ್ಟರಲ್ಲಿ ಒಂಬತ್ತು ಸಲ ಸೀನಿದ.

ಬಾಗಿಲಲ್ಲೇ ಹೆಂಡತಿ ಕಾಯುತ್ತಿದ್ದಳು.

“ರೀ, ಏನಾಯ್ತು? ಪಾಸಾದ್ರಾ?”

“ಇಪ್ಪತ್ತಕ್ಕೆ ಇಪ್ಪತ್ತು.”

“ನಾನು ಹೇಳ್ಲಿಲ್ವಾ!” ಅವಳು ಕೈತಟ್ಟಿದಳು. “ಹಾಗಾದ್ರೆ ನಾಳೆಯಿಂದ ಕಿಟಕಿ ಪಕ್ಕ?”

ಗುಳಿಗೆ ಅಂಗಿ ಬಿಚ್ಚಿ ಅವಳ ಕೈಗೆ ಕೊಟ್ಟ.

“ಇಲ್ಲ ಕಣೇ. ಕಿಟಕಿ ಪಕ್ಕ ಕೂತ್ರೆ ನಾನು ಕೆಟ್ಟು ಹೋಗ್ತೀನಂತೆ.”